ಪುಷ್ಪಕ ಇಳಿದದ್ದು ಚಳ್ಳಕೆರೆಯಲ್ಲಿ, ವಹಿವಾಟು ಇಳಿಯುವುದು ಎಲ್ಲಿ?

2023ರ ಏಪ್ರಿಲ್ 2, 2024ರ ಮಾರ್ಚ್ 22, ಅದೇ ವರ್ಷದ ಜೂನ್ 23. ಈ ಮೂರು ದಿನ ಇಸ್ರೊದ ರೆಕ್ಕೆಯ ರಾಕೆಟ್ ಚಳ್ಳಕೆರೆ ಬಳಿಯ ರನ್‌ವೇ ಮೇಲೆ ಪೈಲಟ್ ಇಲ್ಲದೆ ತಾನಾಗಿ ಇಳಿಯಿತು. ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು ನಾಲ್ಕೂವರೆ ಕಿಲೊಮೀಟರ್ ಎತ್ತರದಲ್ಲಿ ಬಿಟ್ಟಿತು. ಮೂರನೇ ಸಲವಂತೂ 'ಪುಷ್ಪಕ' ಎಂಬ ಈ ವಾಹನ ಗಂಟೆಗೆ 320 ಕಿ.ಮೀ. ದಾಟಿದ ವೇಗದಲ್ಲಿ ನೆಲ ಮುಟ್ಟಿ, ಬಾಲದ ಪ್ಯಾರಾಚೂಟ್ ಬಿಚ್ಚಿ ನಿಂತಿತು.

ಅದರ ಬೆನ್ನಿಗೇ ಬೇರೆ ಸುದ್ದಿಗಳು ಬಂದವು. 2025ರ ಜೂನ್‌ನಲ್ಲಿ ವಿಮಾನ ತಯಾರಿಸುವ ಸರ್ಕಾರಿ ಕಂಪನಿ ಎಚ್‌ಎಎಲ್ ₹511 ಕೋಟಿಗೆ ಎಸ್‌ಎಸ್‌ಎಲ್‌ವಿ ರಾಕೆಟ್ 'ಪಡೆಯಿತು'. ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ ಪರವಾನಗಿ ಸಿಕ್ಕಿತು. ಬಾಹ್ಯಾಕಾಶಕ್ಕೆ ಶೇ 100 ವಿದೇಶಿ ಬಂಡವಾಳ ಬರಬಹುದಂತೆ. 2033ಕ್ಕೆ 44 ಬಿಲಿಯನ್ ಡಾಲರ್ ವಹಿವಾಟಂತೆ. ದಾವಣಗೆರೆಯ ಎಂಜಿನಿಯರಿಂಗ್ ಪದವೀಧರ, ಹರಿಹರದ ಲೇತ್ ಮಾಲೀಕ, ಚಳ್ಳಕೆರೆಯ ಶೇಂಗಾ ವ್ಯಾಪಾರಿ ಇದನ್ನೆಲ್ಲ ಒಟ್ಟಿಗೆ ಓದಿದರೆ ಗೊಂದಲವಾಗುವುದು ಸಹಜ. ರಾಕೆಟ್ಟನ್ನೇ ಮಾರಿದರಾ? ಇದರಲ್ಲಿ ನಮಗೇನಿದೆ?

ನಮಗೆ ಇರುವುದುಂಟು. ಆದರೆ ಎಲ್ಲರೂ ಕತ್ತೆತ್ತಿ ನೋಡುತ್ತಿರುವ ರಾಕೆಟ್ಟಿನ ಕಡೆ ಅದು ಕಡಿಮೆ. ಉಪಗ್ರಹ ಕೆಳಗೆ ಕಳಿಸುವ ಚಿತ್ರಗಳ ಕಡೆ ಹೆಚ್ಚು.

ಮಾರಿದ್ದು ರಾಕೆಟ್ಟನ್ನಲ್ಲ, ಮಾಡುವ ವಿದ್ಯೆಯನ್ನು

ಎಸ್‌ಎಸ್‌ಎಲ್‌ವಿ ಎಂದರೆ 500 ಕಿಲೊ ತೂಕವನ್ನು ಸುಮಾರು 500 ಕಿ.ಮೀ. ಎತ್ತರಕ್ಕೆ ಒಯ್ಯುವ ಚಿಕ್ಕ ರಾಕೆಟ್. ₹511 ಕೋಟಿ ಅದರ ತಂತ್ರಜ್ಞಾನ ವರ್ಗಾವಣೆಯ ಬೆಲೆ. ವರ್ಗಾವಣೆಗೆ ಎರಡು ವರ್ಷದ ಅವಧಿ ಇದೆ. ಆ ಅವಧಿಯಲ್ಲಿ ಇಸ್ರೊ ಕೈ ಹಿಡಿದು ಕಲಿಸಬೇಕು, ಎಚ್‌ಎಎಲ್ ರಾಕೆಟ್ ಕಟ್ಟಿ ಹಾರಿಸಿ ತೋರಿಸಬೇಕು. ಆಮೇಲೆ ಗಿರಾಕಿ ಹುಡುಕುವುದು, ನಷ್ಟ ಹೊರುವುದು ಎರಡೂ ಎಚ್‌ಎಎಲ್ ತಲೆ ಮೇಲೆ.

ಹೀಗೇಕೆ ಎಂದು ತಿಳಿಯಲು ಮೂರು ಹೆಸರು ಬೇರ್ಪಡಿಸಿಕೊಳ್ಳಬೇಕು. ಇಸ್ರೊ ಸಂಶೋಧನೆ ನಡೆಸುತ್ತದೆ. 2019ರಲ್ಲಿ ಹುಟ್ಟಿದ ಎನ್‌ಎಸ್‌ಐಎಲ್ ಸರ್ಕಾರದ ಪರವಾಗಿ ವ್ಯಾಪಾರ ಮಾಡುತ್ತದೆ. 2020ರಲ್ಲಿ ಘೋಷಣೆಯಾದ ಇನ್-ಸ್ಪೇಸ್ ಖಾಸಗಿಯವರಿಗೆ ಅನುಮತಿ ಕೊಡುತ್ತದೆ. 2023ರ ಬಾಹ್ಯಾಕಾಶ ನೀತಿ ಈ ಮೂವರ ಗಡಿಗಳನ್ನು ಗುರುತಿಸಿತು. ಪಳಗಿದ ತಂತ್ರಜ್ಞಾನವನ್ನು ಉದ್ಯಮಕ್ಕೆ ಬಿಟ್ಟುಕೊಟ್ಟು ಇಸ್ರೊ ಹೊಸದರ ಕಡೆ ಹೋಗಬೇಕು ಎಂಬುದು ಅದರ ಆಶಯ.

ವಿದೇಶಿ ಬಂಡವಾಳದ ಮಾತೂ ಅರ್ಧಂಬರ್ಧ ಹರಡಿದೆ. 2024ರ ಏಪ್ರಿಲ್‌ನಲ್ಲಿ ಜಾರಿಯಾದ ನಿಯಮದಂತೆ ಕೇಂದ್ರದ ಪೂರ್ವಾನುಮತಿ ಇಲ್ಲದೆ ಬರಬಹುದಾದ ಪಾಲು ಮೂರು ಬಗೆಯದು. ಬಿಡಿಭಾಗ ಮತ್ತು ಉಪವ್ಯವಸ್ಥೆಗಳ ತಯಾರಿಕೆಗೆ ಶೇ 100. ಉಪಗ್ರಹ ತಯಾರಿಕೆ, ನಿರ್ವಹಣೆ ಮತ್ತು ದತ್ತಾಂಶಕ್ಕೆ ಶೇ 74. ರಾಕೆಟ್ ಮತ್ತು ಉಡಾವಣಾ ನೆಲೆಗೆ ಶೇ 49. ಬಾಗಿಲು ಪೂರ್ತಿ ತೆರೆದಿರುವುದು ಬಿಡಿಭಾಗಕ್ಕೆ ಮಾತ್ರ. ಹಾಗಾಗಿ ಹೊರಗಿನ ಕಂಪನಿ ಸಣ್ಣ ವರ್ಕ್‌ಶಾಪಿಗೆ ಗಿರಾಕಿಯಾಗಿ ಬರಬಹುದು, ತಾನೇ ಕಾರ್ಖಾನೆ ಹಾಕಿ ಪೈಪೋಟಿಗೂ ನಿಲ್ಲಬಹುದು.

44 ಬಿಲಿಯನ್ನಿನ ಒಳಗೇನಿದೆ

ಇನ್-ಸ್ಪೇಸ್ ಅಂದಾಜಿನಂತೆ 2022ರಲ್ಲಿ ದೇಶದ ಬಾಹ್ಯಾಕಾಶ ವಹಿವಾಟು 8.4 ಬಿಲಿಯನ್ ಡಾಲರ್, ಅಂದರೆ ಜಗತ್ತಿನ ಶೇ 2ರಷ್ಟು. 2033ಕ್ಕೆ ಅದು 44 ಬಿಲಿಯನ್ ಆಗಬೇಕಾದರೆ ಹನ್ನೊಂದು ವರ್ಷ ಬಿಡದೆ ವರ್ಷಕ್ಕೆ ಸುಮಾರು ಶೇ 16ರಂತೆ ಬೆಳೆಯಬೇಕು. ಅದು ಆಗದ ಮಾತಲ್ಲ, ಆದರೆ ಅದು ಗುರಿ. ಕೈಗೆ ಬಂದ ಆರ್ಡರ್ ಎಂದು ಓದಿಕೊಳ್ಳಬಾರದು.

ಜಗತ್ತಿನಾದ್ಯಂತ ಈ ಉದ್ಯಮದ ಆದಾಯದಲ್ಲಿ ರಾಕೆಟ್ ಹಾರಿಸುವುದರ ಪಾಲು ಶೇ 5ನ್ನೂ ಮುಟ್ಟುವುದಿಲ್ಲ. ಹಣದ ದೊಡ್ಡ ಪಾಲು ಹುಟ್ಟುವುದು ನೆಲದ ಮೇಲೆ: ಟಿವಿ ಪ್ರಸಾರ, ಇಂಟರ್ನೆಟ್, ಜಿಪಿಎಸ್ ಉಪಕರಣ, ಭೂ ಚಿತ್ರಗಳು. ಸುದ್ದಿಗೆ ಬೆಂಕಿ ಹೊಗೆ ಬೇಕು, ಲೆಕ್ಕದ ಪುಸ್ತಕಕ್ಕೆ ಅದು ಬೇಕಿಲ್ಲ.

ಚಳ್ಳಕೆರೆಯ ಗೋಡೆ

ಪಕ್ಕದಲ್ಲೇ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಇಸ್ರೊ, ಅಣು ಸಂಶೋಧನೆಯ ಬಾರ್ಕ್, ಭಾರತೀಯ ವಿಜ್ಞಾನ ಸಂಸ್ಥೆ ಇರುವಾಗ ಕೆಲಸ ತಾನಾಗಿ ಹರಿದು ಬರುತ್ತದೆ ಎಂಬ ನಂಬಿಕೆ ಜಿಲ್ಲೆಯಲ್ಲಿದೆ. ಅದಕ್ಕೆ ಎದುರಾಗಿ ಇನ್ನೊಂದು ಅನುಭವವಿದೆ. ಈ ಸಂಸ್ಥೆಗಳು ಎದ್ದದ್ದು ಅಮೃತ್ ಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ. ಡಿಆರ್‌ಡಿಒಗೆ 4,290 ಎಕರೆ, ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೊಗೆ 573 ಎಕರೆ ಹಂಚಿಕೆಯಾಯಿತು. ಗೋಡೆ ಎದ್ದಾಗ ಕುರಿ, ದನ ಮೇಯುವ ದಾರಿ ಮುಚ್ಚಿತು. ಕುರಿ ಕಡಿಮೆಯಾದರೆ ಉಣ್ಣೆ ಕಡಿಮೆ, ಉಣ್ಣೆ ಕಡಿಮೆಯಾದರೆ ಕಂಬಳಿ ಮಗ್ಗಕ್ಕೆ ಪೆಟ್ಟು. ಸುತ್ತಲಿನ ಹಳ್ಳಿಯವರು ಹಸಿರು ನ್ಯಾಯಮಂಡಳಿಯವರೆಗೆ ಹೋದದ್ದು ಇದೇ ಕಾರಣಕ್ಕೆ.

ಗೋಡೆ ದಾಟಿ ವ್ಯಾಪಾರ ಏಕೆ ಹೊರಗೆ ಬರುತ್ತಿಲ್ಲ? ರನ್‌ವೇ ಇರುವುದು ಪರೀಕ್ಷಾ ನೆಲೆಯಲ್ಲಿ, ತಯಾರಿಕೆಯ ಜಾಗದಲ್ಲಲ್ಲ. ಪುಷ್ಪಕ ಇಲ್ಲಿ ಇಳಿಯಿತು, ಇಲ್ಲಿ ಹುಟ್ಟಲಿಲ್ಲ. ಪರೀಕ್ಷಾ ನೆಲೆಗೆ ಹೊರಗಿನಿಂದ ಬೇಕಾಗುವುದು ಕಾವಲು, ಊಟ, ವಾಹನ, ಸಿವಿಲ್ ಕೆಲಸ. ರನ್‌ವೇ ಹತ್ತಿರವಿದೆ ಎಂಬ ಕಾರಣಕ್ಕೆ ಬಿಡಿಭಾಗದ ಆರ್ಡರನ್ನು ಯಾರೂ ಕೊಡುವುದಿಲ್ಲ. ಇಸ್ರೊದ ಖರೀದಿ ವಿಭಾಗ ಟೆಂಡರ್ ಕರೆಯುವುದು ಇಡೀ ದೇಶಕ್ಕೆ. ಆದ್ದರಿಂದ 'ವಿಜ್ಞಾನ ನಗರಿ ಬಂತು, ಉದ್ಯೋಗ ಬರುತ್ತದೆ' ಎಂಬ ವಾದ ನಿಲ್ಲುವುದಿಲ್ಲ. ಹುಲ್ಲುಗಾವಲು ಕಳೆದುಕೊಂಡವರ ದೂರು ಅಭಿವೃದ್ಧಿಗೆ ಅಡ್ಡಿ ಎಂಬ ವಾದವೂ ನಿಲ್ಲುವುದಿಲ್ಲ. ಅವರು ಕೊಟ್ಟದ್ದು ಕಣ್ಣಿಗೆ ಕಾಣುತ್ತದೆ, ಪಡೆದದ್ದು ಕಾಣುತ್ತಿಲ್ಲ.

ಹರಿಹರದ ಲೇತಿಗೆ ಆರ್ಡರ್ ಬಂದೀತೇ

1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ದೇಶಕ್ಕೆ ಲೇತ್ ಕೊಟ್ಟಿತು. ಕಾರ್ಖಾನೆ ಮುಚ್ಚಿತು, ಕೈಗಳಲ್ಲಿನ ವಿದ್ಯೆ ಪೂರ್ತಿ ಅಳಿಯಲಿಲ್ಲ. ಹೀಗಾಗಿ ಬಿಡಿಭಾಗದ ಕನಸು ಈ ಸೀಮೆಗೆ ಅಪರಿಚಿತವಲ್ಲ. ಆದರೆ ಟ್ರ್ಯಾಕ್ಟರ್, ಪಂಪ್ ಭಾಗ ತಿರುಗಿಸುವ ಜಾಬ್ ವರ್ಕಿಗೂ ಉಪಗ್ರಹದ ಭಾಗಕ್ಕೂ ವ್ಯತ್ಯಾಸ ಎಲ್ಲಿದೆ ಎಂದು ನೋಡಬೇಕು.

ಮೊದಲನೆಯದು ಸೆಕೆ. ಅಳತೆಯ ಅಂತರರಾಷ್ಟ್ರೀಯ ಉಷ್ಣತೆ 20 ಡಿಗ್ರಿ. ಅಲ್ಯೂಮಿನಿಯಂ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 23 ಭಾಗ) ಹಿಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಶೆಡ್ಡಿನೊಳಗೆ 38 ಡಿಗ್ರಿ ಇದ್ದರೆ 300 ಮಿ.ಮೀ. ಉದ್ದದ ಭಾಗ 0.12 ಮಿ.ಮೀ.ಗೂ ಹೆಚ್ಚು ಹಿಗ್ಗಿರುತ್ತದೆ. ಡ್ರಾಯಿಂಗ್ ಒಪ್ಪುವ ವ್ಯತ್ಯಾಸ 0.02 ಮಿ.ಮೀ. ಆಗಿದ್ದರೆ, ಹಿಗ್ಗಿದ್ದೇ ಅದರ ಆರು ಪಟ್ಟು. ಅಳೆಯುವ ಉಕ್ಕಿನ ಗೇಜೂ ಹಿಗ್ಗಿದೆಯಲ್ಲ ಎನ್ನಬಹುದು. ಅದು ಹಿಗ್ಗುವುದು ಇದರ ಅರ್ಧದಷ್ಟು. ಉಳಿದರ್ಧ ತಪ್ಪು ಹಾಗೇ ಉಳಿಯುತ್ತದೆ. ಇಲ್ಲಿ ಅಳೆದಾಗ ಸರಿ ಇದ್ದ ಭಾಗ ಬೆಂಗಳೂರಿನ ಎಸಿ ಕೋಣೆಯಲ್ಲಿ ತಿರಸ್ಕಾರವಾಗುವುದು ಇದರಿಂದ. ಹೊಸ ಯಂತ್ರ ಕೊಳ್ಳುವ ಮೊದಲು ತಂಪು ಮಾಡಿದ ಒಂದು ತಪಾಸಣಾ ಕೋಣೆ ಬೇಕು. ಭಾಗವನ್ನು ಅಳೆಯುವ ಮುಂಚೆ ಕೆಲವು ಗಂಟೆ ಅಲ್ಲಿ ಇಟ್ಟಿರಬೇಕು.

ಎರಡನೆಯದು ಲೋಹದ ವಂಶಾವಳಿ. ಪ್ರತಿ ತುಂಡೂ ಯಾವ ಗಿರಣಿಯ, ಯಾವ ಎರಕದ ಸಂಖ್ಯೆಯದ್ದು ಎಂಬ ಪ್ರಮಾಣಪತ್ರ ಕೊನೆಯವರೆಗೂ ಜೊತೆಗಿರಬೇಕು. ಸಾಮಾನ್ಯ ತಪ್ಪು ಹೀಗಾಗುತ್ತದೆ: ಸರಳು ಕತ್ತರಿಸಿದಾಗ ಸಂಖ್ಯೆ ಕೊರೆದ ತುದಿ ಮೊದಲು ಬಳಕೆಯಾಗುತ್ತದೆ, ಉಳಿದ ತುಂಡು ಅನಾಮಧೇಯವಾಗುತ್ತದೆ. ಅದೇ ಲೋಹ, ಅದೇ ಗುಣ. ಆದರೂ ಅದು ಸ್ಕ್ರ್ಯಾಪ್.

ಇಷ್ಟು ಹಟವೇಕೆ? 2022ರ ಆಗಸ್ಟ್ 7ರಂದು ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟದಲ್ಲಿ ಎರಡನೇ ಹಂತ ಕಳಚಿಕೊಳ್ಳುವಾಗಿನ ಕಂಪನ ನಿರೀಕ್ಷೆ ಮೀರಿತು. ವೇಗ ಬದಲಾವಣೆ ಅಳೆಯುವ ಸೆನ್ಸರ್‌ಗಳ ಓದು ಕ್ಷಣಕಾಲ ಮಿತಿ ದಾಟಿತು. ಸೆನ್ಸರ್ ಕೆಟ್ಟಿವೆ ಎಂದು ಕಂಪ್ಯೂಟರ್ ತೀರ್ಮಾನಿಸಿತು. 356 ಕಿ.ಮೀ. ವೃತ್ತದಲ್ಲಿ ಸುತ್ತಬೇಕಿದ್ದ ಉಪಗ್ರಹಗಳು ಒಂದು ತುದಿ 76 ಕಿ.ಮೀ.ಗೆ ಇಳಿಯುವ ಕಕ್ಷೆ ಸೇರಿ ನಾಶವಾದವು. ರಾಕೆಟ್ ತನ್ನ ಘನ ಇಂಧನದ ಮೂರೂ ಹಂತಗಳನ್ನು ಸರಿಯಾಗಿಯೇ ಉರಿಸಿತ್ತು. ಹಾರಿದ ಮೇಲೆ ಬಿಚ್ಚಿ ನೋಡಲಾಗದ ವಸ್ತುವಿನಲ್ಲಿ ಕಾರಣ ಹುಡುಕಲು ಉಳಿಯುವುದು ದಾಖಲೆ ಮಾತ್ರ. ಆ ದಾಖಲೆಯ ಒಂದು ಹಾಳೆ ಗುತ್ತಿಗೆಯ ಸರಪಳಿಯಲ್ಲಿ ಮೂರನೇ ಮೆಟ್ಟಿಲಿನ ಸಬ್‌ಕಾಂಟ್ರಾಕ್ಟರ್ ಬಳಿ ಇರುತ್ತದೆ.

ಉಳಿದ ಎಡವಟ್ಟುಗಳು ಇನ್ನೂ ಸಣ್ಣವು, ದುಬಾರಿಯವು. ರಂಧ್ರದ ಬಾಯಲ್ಲಿ ಉಳಿದ ಲೋಹದ ಸಿಬಿರು ನೆಲದ ಮೇಲಾದರೆ ಉದುರಿ ಬೀಳುತ್ತದೆ. ತೂಕವಿಲ್ಲದ ಕಡೆ ತೇಲಿ ಸರ್ಕ್ಯೂಟಿನ ಮೇಲೆ ಕೂತು ಶಾರ್ಟ್ ಮಾಡುತ್ತದೆ. ಇಲ್ಲಿ ತುಕ್ಕಿಗೆ ರಾಮಬಾಣವಾದ ಸತುವಿನ ಲೇಪ ನಿರ್ವಾತದಲ್ಲಿ ಆವಿಯಾಗುವುದರಿಂದ ಅಲ್ಲಿ ನಿಷಿದ್ಧ. ಅಂಟು, ಪ್ಲಾಸ್ಟಿಕ್ಕಿಗೂ ಪರೀಕ್ಷೆ ಇದೆ: ನಿರ್ವಾತದಲ್ಲಿ 125 ಡಿಗ್ರಿಯಲ್ಲಿ 24 ಗಂಟೆ ಇಟ್ಟಾಗ ತೂಕ ಶೇ 1ಕ್ಕಿಂತ ಹೆಚ್ಚು ಇಳಿಯಬಾರದು. ಟೈಟಾನಿಯಂ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ, ಅದು ಟೂಲಿನ ತುದಿಯಲ್ಲೇ ಉಳಿದು ಟೂಲ್ ಸುಡುತ್ತದೆ. ಅದಕ್ಕೇ ನಿಧಾನ ವೇಗ, ಧಾರಾಳ ಕೂಲಂಟ್.

ಇನ್ನು ದರ. ವಾಹನದ ಭಾಗಗಳಂತೆ ಇಲ್ಲಿ ಸಾವಿರಗಟ್ಟಲೆ ತುಂಡು ಬರುವುದಿಲ್ಲ. ಹತ್ತು ತುಂಡು ಬಂದರೆ ಬಂತು. ಪ್ರೋಗ್ರಾಂ ಬರೆಯುವುದು, ತುಂಡನ್ನು ಹಿಡಿದಿಡುವ ಫಿಕ್ಸ್ಚರ್ ಕಟ್ಟುವುದು, ಮೊದಲ ತುಂಡಿನ ಪ್ರತಿ ಅಳತೆ ದಾಖಲಿಸುವುದು ಕತ್ತರಿಸುವ ಸಮಯಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತದೆ. ತೂಕದ ಲೆಕ್ಕದಲ್ಲೋ ಯಂತ್ರದ ಗಂಟೆ ಲೆಕ್ಕದಲ್ಲೋ ದರ ಹೇಳಿದವರು ಮೊದಲ ಆರ್ಡರಲ್ಲೇ ಕೈ ಸುಟ್ಟುಕೊಳ್ಳುತ್ತಾರೆ. ಲೋಹವನ್ನು ಗಿರಾಕಿಯೇ ಕೊಟ್ಟಿದ್ದರೆ ಕೆಟ್ಟ ತುಂಡಿನ ಬೆಲೆ ಬಿಲ್ಲಿನಿಂದ ಕಡಿತವಾಗುವುದೂ ಉಂಟು. ಒಪ್ಪಂದದಲ್ಲಿ ಎಷ್ಟು ತುಂಡು ಕೆಟ್ಟರೆ ಮಾಫಿ ಎಂದು ಬರೆಸಿಕೊಳ್ಳಬೇಕು.

ಹಾಗಾದರೆ ದಾರಿ? ಹಾರದ ಭಾಗಗಳಿಂದ ಶುರು ಮಾಡುವುದು. ಉಪಗ್ರಹ ಕಟ್ಟುವಾಗ ಹಿಡಿದಿಡುವ ಫಿಕ್ಸ್ಚರ್, ತಿರುಗಿಸುವ ಸ್ಟ್ಯಾಂಡ್, ಸಾಗಿಸುವ ಟ್ರಾಲಿ ಮತ್ತು ಪೆಟ್ಟಿಗೆ, ಕಂಪನ ಪರೀಕ್ಷೆಯ ತಟ್ಟೆ. ಇವು ನೆಲದ ಮೇಲೇ ಉಳಿಯುವುದರಿಂದ ಪ್ರಮಾಣಪತ್ರದ ಬಿಗಿ ಕಡಿಮೆ. ಗಿರಾಕಿಗೆ ನಿಮ್ಮ ಅಳತೆಯ ಶಿಸ್ತು ಪರಿಚಯವಾಗುತ್ತದೆ. ಗುಣಮಟ್ಟದ ಪ್ರಮಾಣಪತ್ರ ಐಎಸ್‌ಒ 9001 ಇದ್ದವರು ಆಮೇಲೆ ವೈಮಾನಿಕ ಕ್ಷೇತ್ರದ ಎಎಸ್ 9100ಕ್ಕೆ ಹೋಗಬಹುದು. ಉದ್ಯಮ್ ನೋಂದಣಿ ಇದ್ದರೆ ಸರ್ಕಾರಿ ಟೆಂಡರಿನಲ್ಲಿ ಸಣ್ಣ ಉದ್ಯಮಕ್ಕೆ ಮುಂಗಡ ಠೇವಣಿಯ ವಿನಾಯಿತಿ ಇದೆ. ಮಾಲು ಒಪ್ಪಿದ 45 ದಿನದೊಳಗೆ ಹಣ ಕೊಡಬೇಕೆಂದು ಕಾನೂನೂ ಇದೆ. ಆದರೆ 'ಒಪ್ಪಿದ' ದಿನವೇ ಇಲ್ಲಿ ತಡವಾಗುವುದು. ತಪಾಸಣೆ ಮುಗಿಯುವವರೆಗೆ ಗಡಿಯಾರ ಓಡುವುದಿಲ್ಲ ಎಂದೇ ಗಿರಾಕಿಗಳ ವಾದ. ಆ ತಿಂಗಳುಗಳ ಕೂಲಿ, ಕರೆಂಟ್, ಬಡ್ಡಿಗೆ ದುಡಿಯುವ ಬಂಡವಾಳ ಇಲ್ಲದವರು ಈ ಕಡೆ ಬರದಿರುವುದೇ ಲೇಸು.

ಒಂದು ಪಿಕ್ಸೆಲ್, ಒಂದು ಗುಂಟೆ

ಉಪಗ್ರಹ ಚಿತ್ರದ ಕಡೆ ಬಂದರೆ ಲೆಕ್ಕ ಬೇರೆ. ಯುರೋಪಿನ ಸೆಂಟಿನೆಲ್-2 ಉಪಗ್ರಹ ಜೋಡಿ ಪ್ರತಿ ಐದು ದಿನಕ್ಕೊಮ್ಮೆ ಇದೇ ಹೊಲದ ಮೇಲೆ ಹಾಯುತ್ತದೆ, ಚಿತ್ರ ಪುಕ್ಕಟೆ. ಅದರ ಒಂದು ಪಿಕ್ಸೆಲ್, ಎಂದರೆ ಚಿತ್ರದ ಅತಿ ಸಣ್ಣ ಚುಕ್ಕಿ, ನೆಲದ ಮೇಲೆ 10 ಮೀಟರ್ ಚೌಕ, ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ 101 ಚದರ ಮೀಟರ್. ಪಹಣಿಯ ಲೆಕ್ಕಕ್ಕೂ ಉಪಗ್ರಹದ ಲೆಕ್ಕಕ್ಕೂ ಇಂಥ ಹೊಂದಾಣಿಕೆ ಯಾರೂ ಯೋಜಿಸಿದ್ದಲ್ಲ.

ಹಾಗೆಂದು ಎಕರೆಗೆ ನಲವತ್ತು ಪಿಕ್ಸೆಲ್ ಸಿಕ್ಕವು ಎಂದು ಹಿಗ್ಗುವಂತಿಲ್ಲ. ಚೌಕ ಎಕರೆಯ ಒಂದು ಬದಿ 64 ಮೀಟರ್. ಬದುವಿಗೆ ತಾಗಿದ ಪಿಕ್ಸೆಲ್‌ಗಳಲ್ಲಿ ಪಕ್ಕದ ಹೊಲ, ಬೇವಿನ ಮರ, ಬಂಡಿ ದಾರಿ ಬೆರೆತಿರುತ್ತವೆ. ಅವನ್ನು ಬಿಟ್ಟರೆ ಉಳಿಯುವುದು ಹದಿನಾರರ ಆಸುಪಾಸು. ಅದೇ ಎಕರೆ 20 ಮೀಟರ್ ಅಗಲ, 200 ಮೀಟರ್ ಉದ್ದದ ಪಟ್ಟಿಯಾಗಿದ್ದರೆ ಶುದ್ಧ ಪಿಕ್ಸೆಲ್ ಒಂದೂ ಸಿಗದಿರಬಹುದು. ಅಣ್ಣತಮ್ಮಂದಿರ ಪಾಲಾದ ಹೊಲಗಳಲ್ಲಿ ಸರ್ವೆ ನಂಬರಿಗೊಂದು ಇಳುವರಿ ಹೇಳುತ್ತೇವೆ ಎನ್ನುವ ಕಂಪನಿಗಳನ್ನು ಈ ಪ್ರಶ್ನೆಯಿಂದಲೇ ಅಳೆಯಬೇಕು.

ಎರಡನೇ ಅಡ್ಡಿ ಮೋಡ. ದಾವಣಗೆರೆಯ ಮೆಕ್ಕೆಜೋಳ ನಿಲ್ಲುವುದೇ ಮುಂಗಾರಿನಲ್ಲಿ. ಬೆಳೆ ಬೆಳೆಯುವ ತಿಂಗಳುಗಳಲ್ಲೇ ಬೆಳಕಿನ ಕ್ಯಾಮೆರಾಕ್ಕೆ ನೆಲ ಕಾಣುವ ದಿನ ಕಡಿಮೆ. ಆಗ ರೇಡಾರ್ ಬೇಕು. ಅದರ ಅಲೆಗಳು ಮೋಡ ತೂರಿ ಬರುತ್ತವೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಾಸಾ–ಇಸ್ರೊ ಜಂಟಿ ಉಪಗ್ರಹ ನಿಸಾರ್ ಪ್ರತಿ 12 ದಿನಕ್ಕೆ ಅದೇ ಪಥಕ್ಕೆ ಮರಳುತ್ತದೆ. ಅದರ ಎಲ್ ಬ್ಯಾಂಡ್ ಅಲೆ ಉದ್ದವಾಗಿರುವುದರಿಂದ ಎಲೆಗಳ ಹೊದಿಕೆಯೊಳಗೂ ಇಳಿಯುತ್ತದೆ. ಆದರೆ ರೇಡಾರ್ ಚಿತ್ರ ಓದುವುದು ಫೋಟೊ ನೋಡಿದಷ್ಟು ಸುಲಭವಲ್ಲ. ಮಣ್ಣಿನ ತೇವ, ಸಾಲಿನ ದಿಕ್ಕು, ಗಾಳಿಗೆ ಬಾಗಿದ ಪೈರು ಎಲ್ಲವೂ ಅದರಲ್ಲಿ ಬೆರೆತಿರುತ್ತವೆ.

ಚಿತ್ರ ನೋಡಿ ಬೆಳೆ ಗುರುತಿಸುವಾಗ ಕಂಪ್ಯೂಟರ್ ತಪ್ಪುವ ಜಾಗಗಳೂ ಊರಿನವರಿಗೆ ಗೊತ್ತಿರುವಂಥವು. ಎಳೆಯ ಮೆಕ್ಕೆಜೋಳವನ್ನು ಜೋಳದಿಂದ ಬೇರ್ಪಡಿಸುವುದು ಕಷ್ಟ. ಅಕ್ಕಡಿ ಸಾಲಿನ ತೊಗರಿ ಲೆಕ್ಕ ಕೆಡಿಸುತ್ತದೆ. ಈರುಳ್ಳಿಯ ತೆಳು ಎಲೆಗಳ ನಡುವೆ ಕೆಂಪು ಮಣ್ಣೇ ಹೆಚ್ಚು ಕಾಣುತ್ತದೆ. ಚನ್ನಗಿರಿಯ ಅಡಿಕೆ ತೋಟದಲ್ಲಿ ಮೇಲೊಂದು ಬೆಳೆ, ಕೆಳಗೊಂದು ಬೆಳೆ. ಇವನ್ನು ತಿದ್ದುವುದು ಹೊಲಕ್ಕೆ ಹೋಗಿ ತರುವ ನೆಲದ ದಾಖಲೆ: ಬದುವಿನಿಂದ ಕನಿಷ್ಠ 20 ಮೀಟರ್ ಒಳಗೆ ನಿಂತು ಜಿಪಿಎಸ್ ಗುರುತು, ಬಿತ್ತಿದ ದಿನ, ಮಿಶ್ರ ಬೆಳೆ, ನೀರಾವರಿ, ಒಂದು ಫೋಟೊ. ಬೆಂಗಳೂರಿನ ಕಂಪನಿಗೆ ದುಬಾರಿಯಾದದ್ದು ಇದೇ. ಇಲ್ಲಿಯ ಹುಡುಗರಿಗೆ ಬಂಡವಾಳವೂ ಇದೇ.

ಒಂದು ಎಚ್ಚರಿಕೆ. ಒಂದೇ ಹೊಲದ ಪಿಕ್ಸೆಲ್‌ಗಳಲ್ಲಿ ಕೆಲವನ್ನು ಕಂಪ್ಯೂಟರಿಗೆ ಕಲಿಸಲು, ಕೆಲವನ್ನು ಪರೀಕ್ಷಿಸಲು ಬಳಸಿದರೆ ನಿಖರತೆ ಬಹಳ ಚೆನ್ನಾಗಿ ಕಾಣುತ್ತದೆ. ಅಕ್ಕಪಕ್ಕದ ಪಿಕ್ಸೆಲ್‌ಗಳು ಅವಳಿಗಳಂತೆ ಇರುತ್ತವೆ, ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಕೊಟ್ಟಂತೆ. ಕಲಿಸಲು ಒಂದು ಹೋಬಳಿ, ಪರೀಕ್ಷೆಗೆ ಇನ್ನೊಂದು ಹೋಬಳಿ ಎಂದು ಬೇರ್ಪಡಿಸಿದಾಗ ಬರುವ ಅಂಕಿಯೇ ನಿಜ.

ಹಣ ಕೊಡುವವರು ಯಾರು

ಬಹಳಷ್ಟು ಸ್ಟಾರ್ಟ್‌ಅಪ್ ಎಡವುವುದು ಇಲ್ಲಿ. ರೈತನಿಗೆ ಆ್ಯಪ್ ಮಾರಲು ಹೊರಡುತ್ತಾರೆ. ದಿನಾ ಬೆಳಿಗ್ಗೆ ಹೊಲಕ್ಕೆ ಹೋಗುವವನಿಗೆ ಅವನ ಪೈರು ಬಾಡಿದೆ ಎಂದು ಐದು ದಿನ ತಡವಾಗಿ ಹೇಳಿದರೆ ಅವನು ದುಡ್ಡು ಏಕೆ ಕೊಡಬೇಕು? ಹೊಲ ನೋಡಲಾಗದವರು ಹಣ ಕೊಡುತ್ತಾರೆ: ವಿಮಾ ಕಂಪನಿ, ಬ್ಯಾಂಕು, ಮೆಕ್ಕೆಜೋಳ ಕೊಳ್ಳುವ ಪಶು ಆಹಾರದ ಕಾರ್ಖಾನೆ, ಸರ್ಕಾರಿ ಇಲಾಖೆ.

ಇವರಲ್ಲಿ ವಿಮೆಯ ಬಾಗಿಲು ದೊಡ್ಡದು. ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳ ನಷ್ಟವನ್ನು ಗ್ರಾಮ ಪಂಚಾಯಿತಿ ಮಟ್ಟದ ಸರಾಸರಿ ಇಳುವರಿಯಿಂದ ತೀರ್ಮಾನಿಸುತ್ತಾರೆ. ಆ ಸರಾಸರಿ ಬರುವುದು ಆಯ್ದ ಹೊಲಗಳಲ್ಲಿ ಸ್ವಲ್ಪ ಜಾಗ ಕೊಯ್ದು ತೂಗುವ ಬೆಳೆ ಕಟಾವು ಪ್ರಯೋಗದಿಂದ, ಜಗಳ ಹುಟ್ಟುವುದೂ ಅಲ್ಲಿಂದಲೇ. 2023ರಲ್ಲಿ ಕೇಂದ್ರ ತಂದ ಯೆಸ್-ಟೆಕ್ ವ್ಯವಸ್ಥೆ ಭತ್ತ ಮತ್ತು ಗೋಧಿಯಿಂದ ಶುರುವಾಗಿ, ಉಪಗ್ರಹ ಆಧಾರಿತ ಅಂದಾಜಿಗೆ ಕನಿಷ್ಠ ಶೇ 30 ತೂಕ ಕೊಟ್ಟಿತು. ಪಂಚಾಯಿತಿಯ ಸರಾಸರಿ ಸಾಕಾಗುವುದರಿಂದ ಪಟ್ಟಿ ಹೊಲದ ಸಮಸ್ಯೆ ಇಲ್ಲಿ ಅಷ್ಟು ಕಾಡುವುದಿಲ್ಲ. ಆದರೆ ಬದುವಿನಾಚೆ ಬೆಳೆ ಉಳಿದು ಈಚೆ ಒಣಗಿದ ರೈತನ ನಷ್ಟ ಸರಾಸರಿಯಲ್ಲಿ ಮೊದಲೂ ಕಾಣುತ್ತಿರಲಿಲ್ಲ, ಈಗಲೂ ಕಾಣುವುದಿಲ್ಲ. ಉಪಗ್ರಹ ಬಂತೆಂದು ಆ ತಕರಾರು ತೀರುತ್ತದೆ ಎಂದು ಹೇಳುವುದು ಸುಳ್ಳು.

ಇಂಥ ಟೆಂಡರಿಗೆ ಹಿಂದಿನ ವರ್ಷಗಳ ಅನುಭವ ಕೇಳುತ್ತಾರೆ, ಹೊಸಬರಿಗೆ ನೇರ ಪ್ರವೇಶ ಕಷ್ಟ. ದೊಡ್ಡ ಕಂಪನಿಗೆ ನೆಲದ ದಾಖಲೆ ಒದಗಿಸುವ ಉಪಗುತ್ತಿಗೆ, ಇಲ್ಲವೇ ಸಣ್ಣ ಸ್ಥಳೀಯ ಕೆಲಸ, ಇವೇ ಮೊದಲ ಮೆಟ್ಟಿಲು. ಸೂಳೆಕೆರೆಯ ನೀರಿನ ಹರವು ತಿಂಗಳು ತಿಂಗಳಿಗೆ ಹೇಗೆ ಬದಲಾಯಿತು, ಕೆರೆಯಂಗಳದ ಒತ್ತುವರಿ ಯಾವ ವರ್ಷ ಶುರುವಾಯಿತು, ಗಣಿ ತನ್ನ ಗಡಿ ದಾಟಿತೇ, ಇವಕ್ಕೆ ಹಳೆಯ ಚಿತ್ರಗಳೇ ಸಾಕ್ಷಿ. ಕೆರೆಯಲ್ಲಿ ಕಳೆ ತುಂಬಿದ್ದರೆ ಉಪಗ್ರಹ ನೀರನ್ನು ಹೊಲವೆಂದು ಓದುತ್ತದೆ, ಅಲ್ಲೂ ಒಬ್ಬರು ಹೋಗಿ ನೋಡಲೇಬೇಕು. ಕೊಳವೆ ಬಾವಿಯ ನೀರಿನ ಆಳ ಮಾತ್ರ ಈ ಚಿತ್ರಗಳಲ್ಲಿ ಕಾಣುವುದಿಲ್ಲ. ಕಾಣುತ್ತದೆ ಎಂದವರಿಂದ ದೂರವಿರಿ.

ಕಾನೂನು ಈ ಕೆಲಸಕ್ಕೆ ಅನುಕೂಲವಾಗಿದೆ. 2021ರ ಭೂದತ್ತಾಂಶ ಮಾರ್ಗಸೂಚಿ ಬಂದ ಮೇಲೆ ಭಾರತೀಯ ಸಂಸ್ಥೆಗಳು ನಕ್ಷೆ ಮಾಡಲು ಪೂರ್ವಾನುಮತಿ ಬೇಡ. ಒಂದು ಮೀಟರಿಗಿಂತ ಸೂಕ್ಷ್ಮ ನಕ್ಷೆಯ ಕೆಲಸ ಭಾರತೀಯರಿಗೇ ಮೀಸಲು. ಬೇಕಾದದ್ದು ಒಂದು ಒಳ್ಳೆಯ ಕಂಪ್ಯೂಟರ್, ಪುಕ್ಕಟೆ ಸಿಗುವ ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶ, ಉಪಗ್ರಹ ಚಿತ್ರ ಸಿಗುವ ಇಸ್ರೊದ ಭೂನಿಧಿ ಪೋರ್ಟಲ್‌ನಲ್ಲಿ ಖಾತೆ ಮತ್ತು ಮುಂಗಾರಿನಲ್ಲಿ ಕೆಸರು ತುಳಿಯುವ ಕಾಲುಗಳು.

ಆಂಟೆನಾ ಹಾಕಿದರೆ?

ಬಯಲು ಸೀಮೆಯಲ್ಲಿ ಉಪಗ್ರಹ ಕಳಿಸುವುದನ್ನು ಆಂಟೆನಾದಿಂದ ಇಳಿಸಿಕೊಳ್ಳುವ ಭೂಕೇಂದ್ರ ಹಾಕುವ ಮಾತೂ ಆಗಾಗ ಬರುತ್ತದೆ. ಚಿತ್ರದುರ್ಗ ಇರುವುದು 14 ಡಿಗ್ರಿ ಅಕ್ಷಾಂಶದಲ್ಲಿ. ಧ್ರುವದಿಂದ ಧ್ರುವಕ್ಕೆ ಸುತ್ತುವ ಚಿತ್ರ ಉಪಗ್ರಹ ದಿನಕ್ಕೆ ಹದಿನೈದರಷ್ಟು ಸುತ್ತು ಹಾಕಿದರೂ ಇಲ್ಲಿಂದ ಕಾಣುವುದು ನಾಲ್ಕೈದು ಸಲ, ಸಲಕ್ಕೆ ಹತ್ತು ನಿಮಿಷ. ಧ್ರುವದ ಹತ್ತಿರದ ಕೇಂದ್ರಕ್ಕೆ ಹೆಚ್ಚುಕಡಿಮೆ ಪ್ರತಿ ಸುತ್ತೂ ಕಾಣುತ್ತದೆ. ಜಗತ್ತಿನ ಕಂಪನಿಗಳು ಅಲ್ಲಿಗೆ ಹೋಗುವುದು ಅದಕ್ಕೇ. ಇಲ್ಲಿಯದು ಪೂರಕ ಕೇಂದ್ರವಾದೀತು ಅಷ್ಟೆ. ಅದಕ್ಕೂ ಇನ್-ಸ್ಪೇಸ್ ಅನುಮತಿ, ತರಂಗಾಂತರದ ಪರವಾನಗಿ, ಸುತ್ತ ಅಡ್ಡಿಯಿಲ್ಲದ ದಿಗಂತ ಬೇಕು. ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳ ಸಾಲಿನಿಂದ ದೂರ ಹೋಗಬೇಕಾದೀತು.

ಸ್ಟಾರ್‌ಲಿಂಕ್‌ನಂಥ ಸೇವೆಗಳ ವಿಷಯದಲ್ಲಿ ಸ್ಥಳೀಯರಿಗೆ ಸಿಗಬಹುದಾದದ್ದು ಮಾರಾಟ ಮತ್ತು ಅಳವಡಿಕೆಯ ಕೆಲಸ. ಆಪ್ಟಿಕಲ್ ಫೈಬರ್ ಕೇಬಲ್ ಈಗಾಗಲೇ ತಲುಪಿದ ಊರುಗಳಲ್ಲಿ ಅದರ ಗಿರಾಕಿ ಕಡಿಮೆ. ಕೇಬಲ್ ತಲುಪದ ತೋಟದ ಮನೆ, ಗಣಿ ಕಚೇರಿ, ಸೋಲಾರ್ ಪಾರ್ಕ್ ಅದರ ಮಾರುಕಟ್ಟೆ.

ಬಿತ್ತನೆ ಶುರುವಾಗುವ ಜೂನ್‌ಗೆ ನೆಲದ ದಾಖಲೆ ಸಂಗ್ರಹಿಸಲು ಇಳಿಯದವರಿಗೆ ಆ ವರ್ಷದ ಬೆಳೆ ಕೈತಪ್ಪುತ್ತದೆ. ಉಪಗ್ರಹದ ಹಳೆಯ ಚಿತ್ರ ಯಾವಾಗ ಬೇಕಾದರೂ ಇಳಿಸಿಕೊಳ್ಳಬಹುದು, ಆ ದಿನ ಆ ಹೊಲದಲ್ಲಿ ಏನಿತ್ತು ಎಂಬುದನ್ನು ಅಕ್ಟೋಬರ್ ಕಟಾವಿನ ನಂತರ ಹೋಗಿ ಬರೆದುಕೊಳ್ಳಲು ಆಗುವುದಿಲ್ಲ.